ಮೌಲ್ಯ ಬಹುತ್ವವಾದ

ಮೌಲ್ಯ ಬಹುತ್ವವಾದವು ನೀತಿಶಾಸ್ತ್ರ ಹಾಗೂ ರಾಜಕೀಯ ತತ್ತ್ವಶಾಸ್ತ್ರಕ್ಕೆ ಸಂಬಂಧಿಸಿದ ಒಂದು ಸಿದ್ಧಾಂತ. ಸ್ವಾತಂತ್ರ್ಯ, ಸಮಾನತೆ, ನ್ಯಾಯ, ಕರುಣೆ ಮುಂತಾದ ಮೌಲ್ಯಗಳು ತಮ್ಮಷ್ಟಕ್ಕೆ ಶ್ರೇಷ್ಠವಾಗಿದ್ದರೂ ಪರಸ್ಪರ ವಿರೋಧಿಸಬಲ್ಲವು. ಅವೆಲ್ಲವನ್ನೂ ಅಳೆಯಬಲ್ಲ ಒಂದೇ ಅಳತೆಗೋಲು ಇಲ್ಲ ಎಂಬುದು ಇದರ ಸಾರ. ಇದರ ಪ್ರಮುಖ ಪ್ರತಿಪಾದಕರು ಬ್ರಿಟಿಷ್ ಚಿಂತಕ ಐಸಾಯಾ ಬರ್ಲಿನ್ (೧೯೦೯–೧೯೯೭).

ಹಿನ್ನೆಲೆ

ಬರ್ಲಿನ್ ಅವರು ಇಂದಿನ ಲಾಟ್ವಿಯಾದ ರೀಗಾ ನಗರದಲ್ಲಿ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಬಾಲ್ಯದಲ್ಲಿ ಪೆಟ್ರೋಗ್ರಾಡ್‌ನಲ್ಲಿ ೧೯೧೭ರ ರಷ್ಯಾ ಕ್ರಾಂತಿಯನ್ನು ಕಣ್ಣಾರೆ ಕಂಡರು. ೧೯೨೧ರಲ್ಲಿ ಅವರ ಕುಟುಂಬವು ಇಂಗ್ಲೆಂಡಿಗೆ ವಲಸೆ ಹೋಯಿತು. ಅವರು ೧೯೫೮ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸ್ವಾತಂತ್ರ್ಯದ ಎರಡು ಪರಿಕಲ್ಪನೆಗಳನ್ನು ಕುರಿತು ನೀಡಿದ ಉಪನ್ಯಾಸವು ಪ್ರಸಿದ್ಧವಾಗಿದೆ.

ಎರಡು ಬಗೆಯ ಸ್ವಾತಂತ್ರ್ಯ

ಇತರರ ಅಡ್ಡಿಯಿಲ್ಲದೆ ವ್ಯಕ್ತಿಯು ತನ್ನಿಚ್ಛೆಯಂತೆ ನಡೆಯಲು ಇರುವ ಅವಕಾಶವೇ ನಕಾರಾತ್ಮಕ ಸ್ವಾತಂತ್ರ್ಯ. ತನ್ನ ಬಾಳಿಗೆ ತಾನೇ ಒಡೆಯನಾಗಿರುವುದು ಸಕಾರಾತ್ಮಕ ಸ್ವಾತಂತ್ರ್ಯ. ಬರ್ಲಿನ್ ಎರಡನ್ನೂ ನಿಜವಾದ ಮೌಲ್ಯಗಳೆಂದೇ ಒಪ್ಪಿದರು. ಆದರೆ ಎರಡನೆಯದು ಸುಲಭವಾಗಿ ವಿಕೃತಗೊಳ್ಳಬಲ್ಲದೆಂದು ಎಚ್ಚರಿಸಿದರು. ಜನರ 'ನಿಜವಾದ' ಹಿತ ತನಗೇ ಗೊತ್ತೆಂದು ನಂಬಿದ ಆಡಳಿತವು ಬಲಾತ್ಕಾರವನ್ನೇ ವಿಮೋಚನೆಯೆಂದು ಕರೆಯಬಹುದು.

ಆಯ್ಕೆ ಮತ್ತು ನಷ್ಟ

ಮೌಲ್ಯಗಳ ಸಂಘರ್ಷಕ್ಕೆ ಫ್ರೆಂಚ್ ತತ್ತ್ವಜ್ಞಾನಿ ಜಾನ್ ಪಾಲ್ ಸಾರ್ತ್ರ ೧೯೪೫ರ ಪ್ಯಾರಿಸ್ ಉಪನ್ಯಾಸದಲ್ಲಿ ನೀಡಿದ ಉದಾಹರಣೆ ಸುಪರಿಚಿತ. ಜರ್ಮನ್ ಆಕ್ರಮಣದಲ್ಲಿ ಅಣ್ಣನನ್ನು ಕಳೆದುಕೊಂಡ ಯುವಕನೊಬ್ಬನು, ತನ್ನನ್ನೇ ಆಧರಿಸಿದ್ದ ತಾಯಿಯ ಬಳಿ ಉಳಿಯಬೇಕೆ, ಇಂಗ್ಲೆಂಡಿಗೆ ತೆರಳಿ ಸ್ವತಂತ್ರ ಫ್ರೆಂಚ್ ಪಡೆಗಳನ್ನು ಸೇರಬೇಕೆ ಎಂದು ಕೇಳುತ್ತಾನೆ. ಸಿದ್ಧ ನಿಯಮವಾವುದೂ ಇದಕ್ಕೆ ಉತ್ತರಿಸಲಾರದು. ಅವನೇ ಆಯ್ದುಕೊಂಡು ಹೊಣೆ ಹೊರಬೇಕು ಎಂಬುದು ಸಾರ್ತ್ರರ ನಿಲುವು.

ಇಲ್ಲಿ ಇಬ್ಬರಿಗೂ ವ್ಯತ್ಯಾಸವಿದೆ. ಸಾರ್ತ್ರರ ಪ್ರಕಾರ ಮನುಷ್ಯನು ತನ್ನ ಆಯ್ಕೆಯಿಂದಲೇ ಮೌಲ್ಯಗಳನ್ನು ಸೃಷ್ಟಿಸುತ್ತಾನೆ. ಬರ್ಲಿನ್ ಪ್ರಕಾರ ಮೌಲ್ಯಗಳು ವಸ್ತುನಿಷ್ಠವಾದವು. ಆದ್ದರಿಂದ ಒಂದನ್ನು ಆಯ್ದಾಗ ಕೈಬಿಟ್ಟದ್ದು ನಿಜವಾದ ನಷ್ಟವೇ ಆಗಿರುತ್ತದೆ. ಆಯ್ಕೆ ಸರಿಯಿದ್ದರೂ ಆ ನಷ್ಟ ತುಂಬುವುದಿಲ್ಲ. ಈ ಕಾರಣದಿಂದ ಬರ್ಲಿನ್ ತಮ್ಮ ವಾದವನ್ನು ಎಲ್ಲವೂ ಅವರವರ ಅಭಿರುಚಿ ಎನ್ನುವ ಸಾಪೇಕ್ಷತಾವಾದದಿಂದ ಬೇರ್ಪಡಿಸಿದರು.

ವಿಮರ್ಶೆ

ಹೊರಗಿನ ಅಡ್ಡಿಗಳು ಮಾತ್ರವಲ್ಲ, ಭಯದಂತಹ ಒಳಗಿನ ಅಡ್ಡಿಗಳೂ ಸ್ವಾತಂತ್ರ್ಯವನ್ನು ಕುಗ್ಗಿಸುತ್ತವೆ ಎಂದು ಕೆನಡಾದ ಚಾರ್ಲ್ಸ್ ಟೇಲರ್ ಆಕ್ಷೇಪಿಸಿದರು. ಮೌಲ್ಯಗಳನ್ನು ಸರಿಯಾಗಿ ವ್ಯಾಖ್ಯಾನಿಸಿದರೆ ಅವು ಪರಸ್ಪರ ಪೂರಕವಾಗುತ್ತವೆ ಎಂದು ಅಮೆರಿಕದ ರೊನಾಲ್ಡ್ ಡ್ವರ್ಕಿನ್ ವಾದಿಸಿದರು. ಸಮಾನ ಅಳತೆಗೋಲೇ ಇಲ್ಲದಿದ್ದರೆ ವ್ಯಕ್ತಿಸ್ವಾತಂತ್ರ್ಯಕ್ಕೆ ಮಾತ್ರ ವಿಶೇಷ ಸ್ಥಾನವೇಕೆ ಎಂಬ ಪ್ರಶ್ನೆಯೂ ಚರ್ಚೆಯಲ್ಲಿದೆ. ಆಯ್ಕೆ ಅನಿವಾರ್ಯವಾಗಿರುವುದರಿಂದಲೇ ಆಯ್ಕೆಯ ಸ್ವಾತಂತ್ರ್ಯಕ್ಕೆ ಬೆಲೆಯಿದೆ ಎಂಬುದು ಇದಕ್ಕೆ ಬರ್ಲಿನ್ ಅವರ ಬರಹಗಳಲ್ಲಿ ದೊರೆಯುವ ಉತ್ತರ.