ಓರೆ ಬೆಳಕು

ಬಂಗಾರಪೇಟೆ ದಾಟಿದ ಮೇಲೆ ಮಾರಿಕುಪ್ಪಂ ಗಾಡಿಗೆ ಯಾವ ಅವಸರವೂ ಇರುವುದಿಲ್ಲ. ಕೋರಮಂಡಲ್ ಬಿಟ್ಟು ಊರಿಗಾಂ ಹತ್ತಿರವಾಗುವ ಹೊತ್ತಿಗೆ ಕಿಟಕಿಯಾಚೆ ಸೈನೈಡ್ ದಿಬ್ಬಗಳು ಕಾಣಿಸಿಕೊಂಡವು. ಚಿನ್ನ ತೆಗೆದುಕೊಂಡು ಉಳಿಸಿಹೋದ ಮಣ್ಣು, ಬೂದಿಯೂ ಅಲ್ಲದ ಹಳದಿಯೂ ಅಲ್ಲದ ಬಣ್ಣ, ಮೈತುಂಬ ಮಳೆ ಕೊರೆದ ಗೀರುಗಳು. ಹೊಸಬರು ಇವನ್ನೇ ಯಾವುದೋ ಪುರಾತನ ಕೋಟೆ ಅಂದುಕೊಂಡರೆ ತಪ್ಪಿಲ್ಲ.

ನನ್ನ ಚೀಲದಲ್ಲಿದ್ದದ್ದು ಹತ್ತಿಂಚಿನ ಪುಟಾಣಿ ಲ್ಯಾಪ್‌ಟಾಪ್. ಅದರೊಳಗೆ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ, 1905ರಲ್ಲಿ ಅಚ್ಚಾದ ಕೋಲಾರ ಜಿಲ್ಲೆಯ ಶಾಸನಗಳು. ಎರಡು ಕೈಯಲ್ಲಿ ಎತ್ತಬೇಕಾದ ಪುಸ್ತಕ ಈಗ ತಿಂಡಿ ಡಬ್ಬಿಯ ಪಕ್ಕ ಕೂತು ಬರುತ್ತದೆ. ಆದರೆ ಅದರಲ್ಲಿ ಬಂಗಾರಪೇಟೆ ಎಂದು ಹುಡುಕಬೇಡಿ, ಸಿಗುವುದಿಲ್ಲ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಲ್ಲಿ ಆಗ ಅದು ಬೌರಿಂಗ್‌ಪೇಟೆ.

ಊರಿಗಾಂನಲ್ಲಿ ಗೆಳೆಯನ ಸ್ಕೂಟರ್ ಕಾದಿತ್ತು. ಆವಣಿಗೆ ಹೋಗುವ ದಾರಿಯಲ್ಲಿ ಬೇತಮಂಗಲ. ಗಣಿ ಊರಿಗೆ ಕುಡಿಯುವ ನೀರು ಕೊಟ್ಟ ಕೆರೆ ಇದು. ಶಾಸನಗಳಲ್ಲಿ ಊರಿನ ಹೆಸರು ವಿಜಯಾದಿತ್ಯಮಂಗಲ. ಏರಿಯ ಮೇಲೆ ಐದು ನಿಮಿಷ ನಿಂತು ಮುಂದೆ ಹೊರಟೆವು.

ಆವಣಿ ಮುಟ್ಟಿದಾಗ ಹನ್ನೆರಡು ದಾಟಿತ್ತು. ಬೋಳು ಬೆಟ್ಟದ ತಪ್ಪಲಲ್ಲಿ ಒಂದೇ ಪೌಳಿಯೊಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಈಶ್ವರ ಗುಡಿಗಳು, ನೊಳಂಬರ ಕಾಲದವು. ಬೆಟ್ಟದ ಮೇಲೆ ಸೀತೆಯ ಗುಡಿ. ಲವಕುಶರು ಹುಟ್ಟಿದ್ದು ಇಲ್ಲೇ ಎನ್ನುತ್ತಾರೆ ಊರವರು. ಇಲ್ಲಿ ಹತ್ತನೆಯ ಶತಮಾನದಲ್ಲಿದ್ದ ತ್ರಿಭುವನಕರ್ತಾರದೇವ ಎಂಬ ಯತಿ ನಲವತ್ತು ವರ್ಷ ಸ್ಥಾನವನ್ನಾಳಿ ಐವತ್ತು ಗುಡಿ, ಎರಡು ದೊಡ್ಡ ಕೆರೆ ಕಟ್ಟಿಸಿದನೆಂದು ಶಾಸನವಿದೆ. ಐವತ್ತನ್ನು ನಾನು ತುಸು ಮುರಿದುಕೊಂಡೇ ಓದುತ್ತೇನೆ. ಕೆರೆಗಳನ್ನು ಮಾತ್ರ ನಂಬುತ್ತೇನೆ. ಕೋಲಾರ ಸೀಮೆಯಲ್ಲಿ ಕೆರೆಯ ವಿಷಯದಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಕಷ್ಟ.

ಅಂಗಳದ ಒಂದು ಶಾಸನದ ಮುಂದೆ ಕೂತು ಲ್ಯಾಪ್‌ಟಾಪ್ ತೆರೆದೆ. ಪರದೆಯಲ್ಲಿ ಕಂಡದ್ದು ನನ್ನದೇ ಮುಖ, ಬೆವರು ಸಮೇತ. ಟವಲನ್ನು ತಲೆಯ ಮೇಲಿಂದ ಹೊದ್ದು, ಹಳೇ ಸ್ಟುಡಿಯೋದ ಫೋಟೋದವರ ಹಾಗೆ ಒಳಗೆ ತೂರಿಕೊಂಡೆ. ರೈಸರ ಪುಟವೇನೋ ಕಂಡಿತು. ಹೊರಗೆ ತಲೆ ಹಾಕಿದರೆ ನಡುನೆತ್ತಿಯ ಬಿಸಿಲಲ್ಲಿ ಕಲ್ಲು ರೊಟ್ಟಿಯ ಹಾಗೆ ಚಪ್ಪಟೆ, ಅಕ್ಷರವೇ ಇಲ್ಲ. ಒಳಗೆ, ಹೊರಗೆ, ಒಳಗೆ, ಹೊರಗೆ. ಮೇಕೆ ಹುಡುಗನೊಬ್ಬ ನಿಂತು ನೋಡಿ, ನಕ್ಕು ಹೋದ. ನೂರು ಫೋಟೋ ಹೊಡೆದುಕೊಂಡು ವಾಪಸ್ಸಾದೆ.

ರಾತ್ರಿ ಊರಿಗಾಂನ ಲೈನ್ ಮನೆಯಲ್ಲಿ ಚಾರ್ಜಿಗೆ ಹಾಕಿದೆ. ಬೆಂಗಳೂರಿಗಿಂತ ಮೊದಲೇ, 1902ರಲ್ಲಿ, ಶಿವನಸಮುದ್ರದಿಂದ ಕರೆಂಟು ಬಂದ ಊರು ಇದು. ಗೆಳೆಯನ ತಂದೆ 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚುವವರೆಗೂ ಚಾಂಪಿಯನ್ ರೀಫ್‌ನಲ್ಲಿ ಬಂಡೆ ಕೊರೆದವರು. ಅದರ ಆಳ ಮೂರು ಕಿಲೋಮೀಟರಿಗೂ ಮಿಗಿಲು. ನನ್ನ ಫೋಟೋಗಳನ್ನು ಒಂದೊಂದಾಗಿ ನೋಡಿದರು.

"ಒಂದೂ ಕಾಣ್ತಿಲ್ಲವಲ್ಲಪ್ಪಾ."

"ಬಿಸಿಲು ಜೋರಿತ್ತು."

"ಬಿಸಿಲಲ್ಲಪ್ಪಾ. ನೀನು ಲೈಟ್ ನೇರ ಹೊಡೆದಿದ್ದೀಯ." ಎದ್ದು ಟಾರ್ಚ್ ತಂದರು. ದೀಪ ಆರಿಸಿದರು. ಟಾರ್ಚನ್ನು ಸುಣ್ಣ ಬಳಿದ ಗೋಡೆಗೆ ಹೆಚ್ಚುಕಡಿಮೆ ಅಂಟಿಸಿ ಹಿಡಿದರು. ಅಷ್ಟು ಹೊತ್ತೂ ನುಣುಪಾಗಿದ್ದ ಗೋಡೆಯಲ್ಲಿ ಕರಣೆ ಎಳೆದ ಒಂದೊಂದು ಗೀಟೂ ಗುಡ್ಡದ ಸಾಲಿನಂತೆ ಎದ್ದು ನಿಂತಿತು. ಎಲ್ಲೋ ಒಂದೆಡೆ ಮಗುವಿನ ಬೆರಳ ಗುರುತು. "ಒಳಗೆ ಬಂಡೆ ಬಿರುಕು ಬಿಟ್ಟಿದ್ಯಾ ಅಂತ ಹಿಂಗೇ ನೋಡೋದು. ನೇರ ಹೊಡೆದು ನೋಡಿದೋನು ಮೇಲೆ ಬರಲ್ಲ."

ಮರುದಿನ ಬೆಳಗ್ಗೆ ಆಟೋದಲ್ಲಿ ಅವರೂ ಬಂದರು, ಟಾರ್ಚು, ಒಂದು ಕರಿ ಕಂಬಳಿ ಸಮೇತ. ಕಂಬಳಿಯನ್ನು ಕಲ್ಲಿನ ಮೇಲಿಂದ ನಮ್ಮಿಬ್ಬರ ತಲೆಯವರೆಗೂ ಎಳೆದರು. ಒಂದೇ ಕತ್ತಲಲ್ಲಿ ಪರದೆ, ಕಲ್ಲು, ಇಬ್ಬರ ಉಸಿರು, ಕಂಬಳಿಯ ವಾಸನೆ. ಅವರು ಟಾರ್ಚನ್ನು ಎಡದಿಂದ ಓರೆ ಹಿಡಿದರು. ಮೊದಲು ದುಂಡನೆಯ ಒಂದು ಸುಳಿ, ಆಮೇಲೆ ಅದರ ಕೆಳಗೆ ಒತ್ತಕ್ಷರ, ಹಾಗೇ ಒಂದಿಡೀ ಸಾಲು ಎದ್ದಿತು. ನಾನು ಪುಟದಲ್ಲಿ ಬೆರಳಿಟ್ಟು ಹೊಂದಿಸುತ್ತಾ ಹೋದೆ, ಕೂಡಿಸಿ ಓದುವ ಎರಡನೇ ಕ್ಲಾಸಿನ ಹುಡುಗನ ಹಾಗೆ.

ಹಳಗನ್ನಡ ಅವರಿಗೆ ಬಾರದು, ಮನೆಮಾತು ತಮಿಳು. ಆದರೂ ಮೂರನೆಯ ಸಾಲಿನ ಮೇಲೆ ಹೆಬ್ಬೆರಳು ಎಳೆದು ನಿಲ್ಲಿಸಿದರು. ಮತ್ತೆ ಹಿಂದಕ್ಕೆ ಹೋಗಿ ಅದೇ ಜಾಗ ಮುಟ್ಟಿದರು.

"ಇಲ್ಲಿ ಉಳಿ ಮೊಂಡಾಗಿದೆ ನೋಡು. ಎರಡಕ್ಷರ ಹಾಗೇ ಎಳೆದವನೆ. ಆಮೇಲೆ ಎದ್ದು ಹೋಗಿ ಸಾಣೆ ಹಿಡಿಸ್ಕೊಂಡು ಬಂದವನೆ."

ರೈಸರ ಪುಟವನ್ನು ಮತ್ತೊಮ್ಮೆ ನೋಡಿದೆ. ಅಲ್ಲಿ ಎಲ್ಲ ಅಕ್ಷರಗಳೂ ಒಂದೇ ದಪ್ಪ.