ಹೊಣೆ ನಿಲ್ಲುವ ಮೇಜು

ಗೋಕಾಕ ತಾಲ್ಲೂಕಿನ ಅಂಕಲಗಿಯಂಥ ಊರಿನ ಶಾಲೆಯೊಂದರಲ್ಲಿ ವಿಜ್ಞಾನದ ಪ್ರಯೋಗ ನಡೆದಿದೆ ಎನ್ನಿ. ಗಾಜಿನ ಪ್ರನಾಳವೊಂದು ಬಿದ್ದು ಒಡೆಯುತ್ತದೆ. ‘ಯಾರು ಒಡೆದವರು?’ ಎಂದು ಗುರುಗಳು ಕೇಳಿದರೆ, ‘ನಾ ಅಲ್ರೀ ಸರ್, ಇವಾ ದೂಡಿದಾ’ ಎನ್ನುತ್ತಾನೆ ಒಬ್ಬ. ‘ನನ್ನ ಅವಾ ದೂಡಿದಾ’ ಎನ್ನುತ್ತಾನೆ ಇನ್ನೊಬ್ಬ. ತಪ್ಪು ಕೊನೆಯ ಬೆಂಚಿನವರೆಗೂ ಸಾಗುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ಹೀಗೆ ಹೊಣೆಯನ್ನು ಮತ್ತೊಬ್ಬರ ತಲೆಗೆ ಕಟ್ಟುವುದಕ್ಕೆ ಇಂಗ್ಲಿಷಿನಲ್ಲಿ ‘ಪಾಸಿಂಗ್ ದ ಬಕ್’ ಎನ್ನುತ್ತಾರೆ. ಅದಕ್ಕೆ ಎದುರಾದ ನುಡಿಗಟ್ಟು ‘ದ ಬಕ್ ಸ್ಟಾಪ್ಸ್ ಹಿಯರ್’.

ನಿಘಂಟು ತೆರೆದರೆ ‘ಬಕ್’ ಎಂದರೆ ಗಂಡು ಜಿಂಕೆ! ಜಿಂಕೆಗೂ ಹೊಣೆಗೂ ಏನು ನಂಟು? 19ನೇ ಶತಮಾನದ ಅಮೆರಿಕದಲ್ಲಿ ಪೋಕರ್ ಎಂಬ ಇಸ್ಪೀಟಾಟದಲ್ಲಿ, ಎಲೆ ಹಂಚುವ ಸರದಿ ಬಂದವನ ಮುಂದೆ ಗುರುತಿಗಾಗಿ ಒಂದು ವಸ್ತು ಇಡುತ್ತಿದ್ದರು. ಅದೇ ‘ಬಕ್’. ಜಿಂಕೆಕೊಂಬಿನ ಹಿಡಿಯ ಚಾಕು ಇಡುತ್ತಿದ್ದುದರಿಂದ ಈ ಹೆಸರು ಬಂತೆಂದು ಹೇಳುವುದುಂಟು. ಹಂಚಲು ಒಲ್ಲದವನು ಅದನ್ನು ಪಕ್ಕದವನತ್ತ ಸರಿಸುತ್ತಿದ್ದ.

1945ರಲ್ಲಿ ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರಿಗೆ ‘ದ ಬಕ್ ಸ್ಟಾಪ್ಸ್ ಹಿಯರ್’ ಎಂಬ ಫಲಕ ಉಡುಗೊರೆಯಾಗಿ ಬಂತು. ಅವರು ಅದನ್ನು ಮೇಜಿನ ಮೇಲಿಟ್ಟರು, ಮಾತು ಮನೆಮಾತಾಯಿತು. ‘ಕೊನೆಯ ಹೊಣೆ ನನ್ನದು, ಇಲ್ಲಿಂದ ಮುಂದೆ ಸರಿಸಲಾಗದು’ ಎಂಬುದು ಇದರ ಅರ್ಥ. ಅಧಿಕಾರವುಳ್ಳವರ ಬಗ್ಗೆಯೇ ಇದರ ಬಳಕೆ ಹೆಚ್ಚು. ತಂಡ ಸೋತಾಗ ‘ದ ಬಕ್ ಸ್ಟಾಪ್ಸ್ ವಿತ್ ದ ಕ್ಯಾಪ್ಟನ್’ ಎನ್ನಬಹುದು.

ಈ ಮಾತನ್ನು ನಡೆದು ತೋರಿಸಿದವರು ನಮ್ಮಲ್ಲೂ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಅವರೇ ಆಗ ಇಸ್ರೋ ಅಧ್ಯಕ್ಷರೂ ಆಗಿದ್ದರು. 1979ರ ಆಗಸ್ಟ್ 10ರಂದು ಶ್ರೀಹರಿಕೋಟದಿಂದ ಹಾರಿದ ಮೊದಲ ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಆದರೆ ಪತ್ರಕರ್ತರ ಮುಂದೆ ಕುಳಿತು ಸೋಲಿನ ಹೊಣೆ ಹೊತ್ತವರು ಧವನ್. 1980ರ ಜುಲೈ 18ರಂದು ಅದೇ ಬಗೆಯ ರಾಕೆಟ್ 35 ಕಿಲೋ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆಗ ಧವನ್ ಪತ್ರಿಕಾಗೋಷ್ಠಿಗೆ ಕಲಾಂ ಅವರನ್ನೇ ಮುಂದೆ ಮಾಡಿದರು. ಕಲಾಂ ಇದನ್ನು ಅನೇಕ ಸಭೆಗಳಲ್ಲಿ ನೆನೆಯುತ್ತಿದ್ದರು.

ಕುಣಿಯಲು ಬಾರದವರು ನೆಲ ಡೊಂಕು ಎನ್ನುವುದು ಹಳೆಯ ರೂಢಿ. ಅಂಕ ಕಡಿಮೆಯಾದರೆ ಮಗನಿಗೆ ಪ್ರಶ್ನೆಪತ್ರಿಕೆ ಕಾರಣ, ತಂದೆಗೆ ಶಾಲೆ ಕಾರಣ, ಶಾಲೆಗೆ ಮನೆ ಕಾರಣ. ‘ನಾನೇ ಓದಲಿಲ್ಲ’ ಎಂದು ಮಗ, ‘ನಾನೇ ಗಮನಿಸಲಿಲ್ಲ’ ಎಂದು ತಂದೆ ಹೇಳಿದ ದಿನ ‘ಬಕ್’ ನಿಲ್ಲುತ್ತದೆ. ಓದು ಅಲ್ಲಿಂದ ಶುರುವಾಗುತ್ತದೆ. ಆದರೆ ಹಾಗೆ ಒಪ್ಪಿಕೊಂಡ ಮಗುವಿಗೆ ಏಟು ಬೀಳಬಾರದು. ಬಿದ್ದರೆ ಮುಂದಿನ ಸಲ ಅದು ಹೊಣೆಯನ್ನು ಪಕ್ಕದವನತ್ತಲೇ ಸರಿಸೀತು.