ಹಳೆಯ ಕಾರು ಕೊಳ್ಳುವ ಮುನ್ನ



ಕಬ್ಬಿನ ಹಣದಲ್ಲಿ ಹಳೆಯ ಕಾರು ಕೊಳ್ಳಬಯಸುವವರು ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿರಿ. ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆ ಉರಿಯುತ್ತಿದೆ ಎಂದರ್ಥ. ಎಣ್ಣೆ ಅಳೆಯುವ ಕಡ್ಡಿಗೆ ಹಾಲಿನಂಥ ನೊರೆ ಅಂಟಿದ್ದರೆ ಎಣ್ಣೆಯಲ್ಲಿ ನೀರು ಬೆರೆತಿದೆ. ಅಂಥ ಕಾರು ಬೇಡ.

ಮುಂದೆ ಯಾರೂ ಇಲ್ಲದ ಸಮತಟ್ಟು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರು ಹಾಕಿ ಕ್ಲಚ್ಚನ್ನು ಮೆಲ್ಲನೆ ಬಿಡಿರಿ. ಎಂಜಿನ್ ನಿಂತುಹೋದರೆ ಕ್ಲಚ್ ಪ್ಲೇಟು ಹಿಡಿಯುತ್ತಿದೆ. ನಿಲ್ಲದೆ ತಿರುಗುತ್ತಲೇ ಇದ್ದರೆ ಸವೆದಿದೆ. ಓಡಿಸುವಾಗ ಗೇರು ಕರಕರ ಎಂದರೆ, ಇಲ್ಲವೆ ತಾನಾಗಿ ನ್ಯೂಟ್ರಲ್ಲಿಗೆ ಜಾರಿದರೆ ಗೇರ್ ಬಾಕ್ಸ್ ಬಿಚ್ಚಬೇಕಾದೀತು. ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿರಿ.

2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯ, ಕರ್ನೂಲು ಜಲಾವೃತವಾದುದು ನಿಮಗೆ ತಿಳಿದೇ ಇದೆ. ನೆರೆಯಲ್ಲಿ ಮುಳುಗಿದ ಕಾರನ್ನು ಎಷ್ಟು ತೊಳೆದರೂ ಸೀಟ್ ಬೆಲ್ಟಿನ ಒಳಸುರುಳಿಯಲ್ಲಿ ಕೆಸರಿನ ಕಲೆ ಉಳಿಯಬಹುದು. ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿರಿ.

ಚಾಸಿಸ್, ಎಂಜಿನ್ ಸಂಖ್ಯೆಗಳನ್ನು ಆರ್.ಸಿ.ಯೊಡನೆ ತಾಳೆ ನೋಡಿರಿ. ಬಳ್ಳಾರಿ, ರಾಯಚೂರಿನ ಕಾರಾದರೆ ಅಲ್ಲಿನ ಆರ್.ಟಿ.ಓ. ಕಚೇರಿಯ ನಿರಾಕ್ಷೇಪಣಾ ಪತ್ರ (ನಮೂನೆ 28) ಬೇಕು. ಆಂಧ್ರದ ಜೀವಾವಧಿ ತೆರಿಗೆಯೂ ಬೀಳುತ್ತದೆ. ಕಾರಿನ ಮೇಲೆ ಸಾಲವಿದ್ದರೆ ತೀರಿದ ನಮೂನೆ 35 ಕೇಳಿರಿ. ಕಾಗದಪತ್ರ ಕೈಸೇರುವವರೆಗೆ ಪೂರ್ತಿ ಹಣ ಕೊಡಬೇಡಿರಿ.